ಜೋಡಿ ಕಾರ್ಬುರೇಟರ್ ಸಮತೋಲನ: ಒಂದು ಪ್ರಮಾಣ ಮೀಮಾಂಸೆ

ಆಕರಗಳ ವಿಚಾರವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಸಂಶೋಧನೆಯ ಶಿಸ್ತು. ಇಲ್ಲಿ ಪರಿಶೀಲನೆಗೆ ಎತ್ತಿಕೊಂಡ ಕೃತಿ ‘ರಾಜ್‌ದೂತ್ 350’. ಮೂಲಕರ್ತೃ ಜಪಾನಿನ ಯಮಾಹಾ, ಭಾರತೀಯ ಆವೃತ್ತಿಯ ಸಂಪಾದಕರು ಎಸ್ಕಾರ್ಟ್ಸ್, ರಚನೆಯ ಸ್ಥಳ ಫರೀದಾಬಾದ್, ಕಾಲ 1983ರಿಂದ ಆ ದಶಕದ ಕೊನೆಯವರೆಗೆ. 347 ಸಿಸಿ, ಎರಡು ಸ್ಟ್ರೋಕ್, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ಪಾಠಾಂತರಗಳೂ ಎರಡು: ಹೈ ಟಾರ್ಕ್ ಮತ್ತು ಲೋ ಟಾರ್ಕ್. ಎರಡನೆಯದು ಮೈಲೇಜಿನ ಆಸೆಗೆ ಶಕ್ತಿ ಕುಗ್ಗಿಸಿದ ಪರಿಷ್ಕೃತ ಪಾಠ. ಆದರೆ ಇಂದು ಮಾರಾಟಕ್ಕೆ ಬರುವ ಪ್ರತಿಗಳೆಲ್ಲ, ಮಾರುವವರ ಹೇಳಿಕೆಯ ಪ್ರಕಾರ, ಹೈ ಟಾರ್ಕ್ ಪಾಠವೇ. ಲೋ ಟಾರ್ಕ್ ಪ್ರತಿಗಳೆಲ್ಲ ಎಲ್ಲಿ ಹೋದವು ಎಂಬುದು ಗ್ರಂಥಸಂಪಾದನಶಾಸ್ತ್ರದ ಬಗೆಹರಿಯದ ಸಮಸ್ಯೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಪರಂಪರೆಯವರು ತಮ್ಮನ್ನು ಕೈಬಿಟ್ಟರೆಂದು ಮುನಿಯಬಾರದು. ಯೆಜ್ಡಿ 250ಕ್ಕೆ ಸೈಲೆನ್ಸರ್ ಎರಡಾದರೂ ಸಿಲಿಂಡರ್ ಒಂದೇ, ಕಾರ್ಬುರೇಟರೂ ಒಂದೇ. ಒಂದನ್ನು ಯಾವುದರೊಡನೆ ಸರಿದೂಗಿಸುವುದು? ಅವರ ದುಃಖ ಬೇರೆ ಜಾತಿಯದು, ಅದಕ್ಕೆ ಪ್ರತ್ಯೇಕ ಸಂಪುಟವೇ ಬೇಕು.

ಇನ್ನು ಪೂರ್ವಸೂರಿಗಳು. ಹರಿವಿನ ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ ಎಂಬ ಸೂತ್ರವನ್ನು ಡೇನಿಯಲ್ ಬರ್ನೌಲಿ 1738ರಲ್ಲೇ ಪ್ರಕಟಿಸಿದ. ಆ ಸೂತ್ರಕ್ಕೆ ಪೆಟ್ರೋಲ್ ಕುಡಿಸಿದವರು ಯಾರೆಂಬುದರಲ್ಲಿ ಮಾತ್ರ ವಿವಾದವಿದೆ. ಹಂಗೆರಿಯವರು ಬಾಂಕಿ ಮತ್ತು ಚೊಂಕಾ ಎನ್ನುತ್ತಾರೆ, ಜರ್ಮನರು ಮೇಬಾಕ್ ಎನ್ನುತ್ತಾರೆ. ಇಬ್ಬರೂ ಹೇಳುವ ವರ್ಷ 1893. ಬುಡಾಪೆಸ್ಟಿನಲ್ಲಿ ಹೂ ಮಾರುವವಳೊಬ್ಬಳು ಕೊಳವೆ ಊದಿ ಹೂವಿಗೆ ನೀರು ಸಿಂಪಡಿಸುತ್ತಿದ್ದುದನ್ನು ಕಂಡು ಹಂಗೆರಿಯವರಿಗೆ ಈ ಉಪಾಯ ಹೊಳೆಯಿತೆಂದು ಐತಿಹ್ಯ. ಹಾಗಾದರೆ ನಮ್ಮ ಗಾಂಧಿ ಬಜಾರಿನಲ್ಲಿ, ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೂವಿಗೆ ನೀರು ಚಿಮುಕಿಸುತ್ತಿದ್ದರೂ ಕಾರ್ಬುರೇಟರ್ ಏಕೆ ಹುಟ್ಟಲಿಲ್ಲ? ನಮ್ಮವರು ಕೈಯಲ್ಲೇ ಚಿಮುಕಿಸುತ್ತಾರೆ, ಕೊಳವೆಯ ಗೊಡವೆಗೆ ಹೋಗುವುದಿಲ್ಲ ಎಂಬುದು ಪ್ರಸ್ತುತ ಸಂಶೋಧಕನ ತಾತ್ಕಾಲಿಕ ನಿಲುವು.

ಮೂಲ ಸಮಸ್ಯೆ ಇಷ್ಟೆ: ಸವಾರನ ಬಲಗೈ ಒಂದು, ಅದು ಎಳೆಯಬೇಕಾದ್ದು ಮೂರು. ಹಿಡಿಯಿಂದ ಹೊರಟ ಎಕ್ಸಲೇಟರ್ ಕೇಬಲ್ ಟ್ಯಾಂಕಿನ ಕೆಳಗೆ ಕವಲೊಡೆದು ಎರಡು ಕಾರ್ಬುರೇಟರಿಗೂ ಒಂದು ಆಯಿಲ್ ಪಂಪಿಗೂ ಹೋಗುತ್ತದೆ. ಕೇಬಲ್‌ಗಳು ಒಂದೇ ಹೊಟ್ಟೆಯ ಮಕ್ಕಳಾದರೂ ಒಂದೇ ಸಮ ಹಿಗ್ಗುವುದಿಲ್ಲ. ಕಾರ್ಬುರೇಟರಿನಲ್ಲಿ ಗಾಳಿಯ ದಾರಿ ತೆರೆಯುವ ಸ್ಲೈಡು ಒಂದು ಕಡೆ ಏಳುವಷ್ಟರಲ್ಲಿ ಇನ್ನೊಂದು ಕಡೆಯದು ಇನ್ನೂ ಮಲಗಿರುತ್ತದೆ. ಒಂದು ಸಿಲಿಂಡರ್ ದುಡಿಯುತ್ತದೆ, ಇನ್ನೊಂದು ಅದರ ಬೆನ್ನೇರಿ ಹೋಗುತ್ತದೆ.

ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಇಷ್ಟೊಂದು ಪಾಂಡಿತ್ಯವೇ ಎಂದು ಪೂರ್ವಪಕ್ಷ ಕೇಳಬಹುದು. ಉತ್ತರವಿದೆ. ಎಕ್ಸಲೇಟರ್ ಪೂರ್ತಿ ತಿರುವಿದಾಗ ಎರಡು ಸ್ಲೈಡುಗಳೂ ಮೇಲೆ ಹೋಗಿ ದಾರಿ ಬಿಟ್ಟಿರುತ್ತವೆ, ಆಗ ಒಂದು ಮಿಲಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಸ್ಲೈಡು ಎರಡೇ ಮಿಲಿಮೀಟರ್ ಎದ್ದಿರುವಾಗ ಅದೇ ಒಂದು ಮಿಲಿಮೀಟರ್ ಎಂದರೆ ಅರ್ಧಕ್ಕರ್ಧ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಯಾರ ಗಾಡಿಯ ಸ್ಲೈಡೂ ಎರಡು ಮಿಲಿಮೀಟರ್ ಮೀರಿ ಎದ್ದ ದಾಖಲೆ ಇಲ್ಲ. ಆದ್ದರಿಂದ ಈ ಶಾಸ್ತ್ರದ ಅವಶ್ಯಕತೆ ರೇಸಿನವರಿಗಿಂತ ಬೆಂಗಳೂರಿನವರಿಗೇ ಹೆಚ್ಚು.

ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ಏರ್ ಫಿಲ್ಟರಿನ ರಬ್ಬರ್ ಕಳಚಿ ಕಾರ್ಬುರೇಟರಿನ ಬಾಯೊಳಗೆ ಟಾರ್ಚ್ ಬಿಟ್ಟರೆ ಸ್ಲೈಡಿನ ಅಂಚು ಕಾಣುತ್ತದೆ. ಸುಮಾರು ಮೂರು ಮಿಲಿಮೀಟರಿನ ಎರಡು ಡ್ರಿಲ್ ಬಿಟ್ ತೆಗೆದುಕೊಂಡು, ಅವುಗಳ ನುಣುಪಾದ ಬಾಲವನ್ನು ಎರಡೂ ಸ್ಲೈಡುಗಳ ಅಡಿಗೆ ತೂರಿಸಿ. ಐಡ್ಲಿಂಗ್ ಸ್ಕ್ರೂಗಳನ್ನು ತಿರುಗಿಸಿ ಎರಡನ್ನೂ ಒಂದೇ ಹಿಡಿತಕ್ಕೆ ತನ್ನಿ. ಬಿಟ್ ಎಳೆದರೆ ಬರಬೇಕು, ಎಳೆಯದಿದ್ದರೆ ಕದಲಬಾರದು. ಈಗ ಎಕ್ಸಲೇಟರನ್ನು ಕೂದಲೆಳೆಯಷ್ಟೇ ತಿರುವಿ. ಎರಡೂ ಬಿಟ್‌ಗಳು ಒಟ್ಟಿಗೇ ಸಡಿಲಗೊಂಡು ಬಾಗಿದರೆ ಸಿದ್ಧಿ. ಎಡದ್ದು ಮೊದಲು ಬಾಗಿದರೆ ಎಡಗಡೆಯ ಕೇಬಲ್ ಬಿಗಿಯಾಗಿದೆ ಎಂದರ್ಥ. ಕಾರ್ಬುರೇಟರಿನ ನೆತ್ತಿಯ ಅಡ್ಜಸ್ಟರ್ ಒಂಚೂರು ಸಡಿಲಿಸಿ ಮತ್ತೆ ಮೊದಲಿನಿಂದ. ಈ ಪುನರಾವರ್ತನೆಯಿಂದ ಬೇಸತ್ತು ಹ್ಯಾಂಡಲ್ ತಿರುಗಿಸಿಬಿಟ್ಟು ಕೇಬಲ್ ಎಳೆದುಕೊಂಡು, ಆದ ಕೆಲಸವನ್ನೆಲ್ಲ ಕೆಡಿಸಿಕೊಂಡ ವಿದ್ವಾಂಸರು ಅನೇಕರು.

ಎರಡನೆಯದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ನೈಯಾಯಿಕರು ಶತಮಾನಗಳಿಂದ ಪಾಠ ಹೇಳಿದ್ದಾರೆ. ಅವರಲ್ಲಿ ಯಾರೂ ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡಂತಿಲ್ಲ. ಇಲ್ಲಿ ಒಂದು ಸೈಲೆನ್ಸರಿನಲ್ಲಿ ಮಾತ್ರ ಹೊಗೆ ದಟ್ಟವಾಗಿ ಬಂದರೆ ಆ ಕಡೆ ಬೆಂಕಿ ಸರಿಯಾಗಿ ಹತ್ತುತ್ತಿಲ್ಲ ಎಂದೇ ಶಂಕಿಸಬೇಕು. ಸಂಶಯವಿದ್ದರೆ ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿಯ ಬಣ್ಣ ಶುಭ, ಮಸಿ ಬಳಿದಂತಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಆ ಪಿಸ್ಟನ್ನಿನ ಆಯುಷ್ಯವೂ ಸಾಲದು.

ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಲೇಬೇಕು ಎಂಬ ಮೀಮಾಂಸಕರ ಅರ್ಥಾಪತ್ತಿಯೂ ಇಲ್ಲಿ ಸಲ್ಲುತ್ತದೆ. ಟ್ಯಾಂಕ್ ಸೋರುತ್ತಿಲ್ಲ, ನೆರೆಯವರು ಕದಿಯುತ್ತಿಲ್ಲ, ಆದರೂ ಪೆಟ್ರೋಲ್ ಮಾಯವಾಗುತ್ತಿದೆ. ಜೋಡಿಯಲ್ಲಿ ಒಬ್ಬ ದೇವದತ್ತನಿದ್ದಾನೆ.

ಕೊನೆಯದೂ ಪರಮವೂ ಆದದ್ದು ಆಪ್ತವಾಕ್ಯ, ಎಂದರೆ ಮೆಕ್ಯಾನಿಕ್ಕಿನ ಮಾತು. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ನಡೆದ ಕ್ಷೇತ್ರಕಾರ್ಯದ ಒಂದು ತುಣುಕು ಹೀಗಿದೆ. ಆಪ್ತನು ಕುಕ್ಕರಗಾಲಿನಲ್ಲಿ ಕೂತು ಎರಡು ಸೈಲೆನ್ಸರಿಗೂ ಒಂದೊಂದು ಅಂಗೈ ಒಡ್ಡಿದ. ಕಣ್ಣು ಮುಚ್ಚಿದ.

“ಸಾರ್, ಏನಾದ್ರೂ ಮುಟ್ಟಿದ್ರಾ?”

“ಇಲ್ಲಪ್ಪ,” ಅಂದರು ಮಾಲೀಕರು. ಸ್ವಲ್ಪ ಹೊತ್ತು ಬಿಟ್ಟು, “ಏರ್ ಸ್ಕ್ರೂ ಮಾತ್ರ.”

“ಎರಡೂ ಕಡೆನಾ?”

“ಸುಮ್ನೆ ಸ್ವಲ್ಪ.”

“ಪಾಯಿಂಟ್ ನೋಡಿಸಿದ್ರಾ?”

ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಶಾಸ್ತ್ರದ ಅಧಿಕಾರಿಲಕ್ಷಣವೆಲ್ಲ ಈ ಪ್ರಶ್ನೆಯಲ್ಲಿದೆ. ಈ ಇಂಜಿನ್ನಿಗೆ ಪ್ಲಗ್ಗಿನ ಕಿಡಿಗೆ ಗಳಿಗೆ ಇಡುವ ಪಾಯಿಂಟ್ ಕೂಡ ಎರಡು ಜೊತೆ, ಸಿಲಿಂಡರಿಗೆ ಒಂದೊಂದು. ಕಿಡಿಯ ಸಮಯ ಎರಡೂ ಕಡೆ ಸರಿಯಿಲ್ಲದವನು ಕಾರ್ಬುರೇಟರನ್ನು ಮುಟ್ಟಲು ಅಧಿಕಾರಿಯಲ್ಲ. ‘ಕಾರ್ಬುರೇಟರ್ ತೊಂದರೆ’ ಎಂದು ಬರುವ ಗಾಡಿಗಳ ತೊಂದರೆ ಬಹುಪಾಲು ಪಾಯಿಂಟಿನದ್ದೇ ಎಂದು ಆಪ್ತರ ಅಭಿಪ್ರಾಯ. ಏರ್ ಸ್ಕ್ರೂ ಎಲ್ಲರ ಕೈಗೂ ಎಟುಕುವಲ್ಲಿದೆ, ಆದ್ದರಿಂದ ಎಲ್ಲರೂ ಅದನ್ನೇ ತಿರುಗಿಸುತ್ತಾರೆ. ಅದನ್ನು ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತಿನ ಆಸುಪಾಸಿಗೆ ಹಿಂದೆ ಬಿಚ್ಚಿ, ಎರಡೂ ಕಡೆ ಅಲ್ಲಿಂದ ಶುರು ಮಾಡುವುದು ಸಂಪ್ರದಾಯ. ಒತ್ತಿ ಕೂರಿಸಿದರೆ ತುದಿ ಹಾಳಾಗುತ್ತದೆ, ಆಮೇಲೆ ಯಾವ ಮೀಮಾಂಸೆಯೂ ಸಹಾಯಕ್ಕೆ ಬರದು.

ಇಲ್ಲಿಯವರೆಗಿನದನ್ನು ಪಂಡಿತರು ಖಂಡಿಸಬಹುದು. ಮುಂದಿನದನ್ನು ಖಂಡಿಸುವ ಮೊದಲು ಬಗ್ಗಿ ನೋಡಿ. ಎಕ್ಸಲೇಟರ್ ಕೇಬಲ್ಲಿನ ಮೂರನೆಯ ಕವಲು ಆಯಿಲ್ ಪಂಪಿನದು ಎಂದೆನಲ್ಲ, ಕಾರ್ಬುರೇಟರ್‌ಗಳನ್ನು ಸರಿದೂಗಿಸುವಾಗ ಅದರ ಲೆಕ್ಕವೂ ತಪ್ಪಿರುತ್ತದೆ. ಕಾರ್ಬುರೇಟರ್ ಮುಗಿದ ಮೇಲೆ ಪಂಪಿನ ಕವರ್ ತೆಗೆದು, ರಾಟೆಯ ಮೇಲಿನ ಗುರುತು ಪಿನ್ನಿಗೆ ಕೂಡಿ ಬರುವಂತೆ ಆ ಕೇಬಲ್ಲನ್ನೂ ಹೊಂದಿಸಿ. ಅದನ್ನು ನೋಡದೆ ದಯವಿಟ್ಟು ಗಾಡಿ ರಸ್ತೆಗೆ ಇಳಿಸಬೇಡಿ. ಎಣ್ಣೆ ಸಾಲದೆ ಇಂಜಿನ್ ಸೀಜ್ ಆದರೆ ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಗಪ್ಪನೆ ನಿಲ್ಲುತ್ತದೆ.