ಒಂಚೂರು ದೊಡ್ಡಮ್ಮ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕೂಡುಕುಟುಂಬಗಳಲ್ಲಿಯೂ, ಕುಟುಂಬ ಒಡೆದು ಬೇರೆ ಬೇರೆ ಒಲೆ ಹೂಡಿದ ಮೇಲೂ ಹಿತ್ತಲ ಬಾಗಿಲಿನ ಓಡಾಟ ನಿಲ್ಲದ ಮನೆಗಳಲ್ಲಿಯೂ, ಮಕ್ಕಳ ಹೊಟ್ಟೆಯ ಮೇಲ್ವಿಚಾರಣೆಯನ್ನು ಯಾರೂ ಒಪ್ಪಿಸದೆಯೇ ವಹಿಸಿಕೊಂಡಿರುವ ಹಿರಿಯ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ. ಆಕೆ ಅಪ್ಪನ ಅಣ್ಣನ ಹೆಂಡತಿಯಾಗಿರಬಹುದು, ಅಮ್ಮನ ಅಕ್ಕನಾಗಿರಬಹುದು, ಯಾವ ಲೆಕ್ಕಕ್ಕೂ ಸಿಗದ ಪಕ್ಕದ ಮನೆಯವಳೂ ಆಗಿರಬಹುದು. ಕೇರಿಗೆಲ್ಲ ಆಕೆ ದೊಡ್ಡಮ್ಮ. ಆಕೆಯ ಸಿದ್ಧಾಂತ ಒಂದೇ ವಾಕ್ಯದ್ದು: 'ಒಂಚೂರು ತಿಂದ್ರೆ ಏನೂ ಆಗಲ್ಲ.' ಪಾವಗಡದ ಗಡಿಹಳ್ಳಿಗಳಲ್ಲಿ ಇದು 'ಕೊಂಚೆಂ ತಿಂಟೇ ಏಮೀ ಕಾದು' ಎಂದು ತೆಲುಗಿನಲ್ಲಿ ಪ್ರಚಾರದಲ್ಲಿದ್ದರೂ ತತ್ತ್ವದಲ್ಲಿ ಯಾವ ಭೇದವೂ ಇಲ್ಲ. ಒಂಚೂರು ಎಂಬ ಅಳತೆಯು ಹೆಬ್ಬೆರಳ ಉಗುರಿನಷ್ಟರಿಂದ ಆರಂಭವಾಗಿ, ಎದುರಿಗೆ ಕೂತ ಮಗು ತೆಳ್ಳಗಿದ್ದಷ್ಟೂ ಹಿಗ್ಗುತ್ತ, ಒಂದು ಪೂರ್ತಿ ಒಬ್ಬಟ್ಟಿನವರೆಗೆ ಹೋಗಬಲ್ಲದು.

ಈ ಸಿದ್ಧಾಂತಕ್ಕೆ ಮೊದಲ ಪೆಟ್ಟು ಬೀಳುವುದು, ತಂಗಿಯ ಮಗಳು ತುಮಕೂರಿನ ಮಕ್ಕಳ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು, ಆರು ವರ್ಷದ ಮಗನನ್ನು ಜೊತೆಗೆ ಕರೆದುಕೊಂಡು ಊರಿಗೆ ಬಂದು ನೆಲೆಸಿದಾಗ. ಹಾಲು, ಮೊಟ್ಟೆ, ಕಡಲೆಕಾಯಿ ಮೂರೂ ಅಲರ್ಜಿಯಿಂದಾಗಿ ಕೂಡದು, ಗೋಧಿ ಸೀಲಿಯಾಕ್ ಕಾಯಿಲೆಯಿಂದಾಗಿ ಕೂಡದು ಎಂದು ಆ ಚೀಟಿಯಲ್ಲಿರುತ್ತದೆ. ಅಲರ್ಜಿ ಎಂದರೆ, ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಹೆಸರಿಟ್ಟ ಅವಸ್ಥೆ. ಆಹಾರದ ಅಲರ್ಜಿಯಲ್ಲಿ, ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ನಿರಪಾಯದ ಪ್ರೋಟೀನೊಂದನ್ನು ವೈರಿಯೆಂದು ಬಗೆದು ಎರಗಿ, ದದ್ದು, ತುಟಿಯ ಊತ, ವಾಂತಿಯಿಂದ ಹಿಡಿದು ಕೆಲವರಲ್ಲಿ ಉಸಿರು ಕಟ್ಟುವವರೆಗೂ ರಂಪ ಮಾಡುತ್ತದೆ. ಸೀಲಿಯಾಕ್‌ನಲ್ಲಿ ಗೋಧಿಯ ಗ್ಲುಟೆನ್ ಎಂಬ ಅಂಟು ಪ್ರೋಟೀನಿನ ದೆಸೆಯಿಂದ ಸಣ್ಣಕರುಳಿನ ಒಳಪದರವೇ ಸವೆದು, ಉಂಡದ್ದು ಮೈಗೆ ಹತ್ತುವುದಿಲ್ಲ. ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಉಬ್ಬರಿಸುವ ಲ್ಯಾಕ್ಟೋಸ್ ತೊಂದರೆಯಲ್ಲಾದರೆ ಒಂಚೂರು ನಡೆದೀತು. ಅಲರ್ಜಿ, ಸೀಲಿಯಾಕ್ ಎರಡರಲ್ಲಿಯೂ ಕೆಡುಕಿಗೆ ಒಂಚೂರೇ ಸಾಕು. ಜಗತ್ತಿನ ವೈದ್ಯಶಾಸ್ತ್ರವು ಬೇರೆಲ್ಲವನ್ನೂ ಬಿಟ್ಟು ತನ್ನ ಆ ಒಂದು ವಾಕ್ಯದ ಮೇಲೆಯೇ ಕೈಯಿಟ್ಟದ್ದನ್ನು ದೊಡ್ಡಮ್ಮ ಸಹಿಸುವುದಾದರೂ ಹೇಗೆ?

'ನಮ್ ಕಾಲ್ದಾಗೆ ಇವೆಲ್ಲ ಎಲ್ಲಿದ್ವು ಕಣವ್ವಾ? ನಾವೇನು ತಿಂದು ಬೆಳೀಲಿಲ್ವಾ?' ಎಂಬುದು ಆಕೆಯ ಮೊದಲ ಆಕ್ಷೇಪ. ತಿಂದು ಬೆಳೆದವರು ಮಾತ್ರವೇ ಈ ಪ್ರಶ್ನೆ ಕೇಳಲು ಉಳಿದಿರುತ್ತಾರೆಂಬುದನ್ನೂ, ತಿಂದು ಸೊರಗಿದವರ ಪಾಲಿಗೆ ಆ ಕಾಲದಲ್ಲಿ ಬಾಲಗ್ರಹ, ದೃಷ್ಟಿ ಎಂಬ ಹೆಸರುಗಳೂ ಕೊರಳಿಗೊಂದು ತಾಯಿತವೂ ಇದ್ದವೆಂಬುದನ್ನೂ ತಂಗಿಯ ಮಗಳು ಹೇಳಲಾರಳು. ಹೇಳಿದರೂ ಅಷ್ಟರಲ್ಲಿ ಆಕ್ಷೇಪವು ವರ್ಗೀಕರಣದ ಹಂತಕ್ಕೆ ಏರಿರುತ್ತದೆ. ದೊಡ್ಡಮ್ಮನ ವರ್ಗೀಕರಣದಲ್ಲಿ ಹಾಲೆಂದರೆ ಲೋಟದಲ್ಲಿ ಕೊಟ್ಟು ಕುಡಿಸುವ ಬಿಳಿಯ ದ್ರವ ಮಾತ್ರ. ಮೊಸರು, ಮಜ್ಜಿಗೆ, ತುಪ್ಪ ಬೇರೆ ಕುಲದವು. ಗೋಧಿಯೆಂದರೆ ಚಪಾತಿ ಮಾತ್ರ; ಉಪ್ಪಿಟ್ಟಿನ ರವೆ, ಅಂಗಡಿಯ ಶ್ಯಾವಿಗೆ, ಬಿಸ್ಕತ್ತು ಇವುಗಳಿಗೂ ಗೋಧಿಗೂ ನಂಟಿದೆಯೆಂಬುದು ಆಕೆಗೆ ಚಾಡಿಮಾತಾಗಿ ಕೇಳಿಸುತ್ತದೆ. 'ಗೋಧಿ ಎಲ್ಲೈತೆ ಇದ್ರಾಗೆ? ಬರೀ ರವೆ!' ಕೇಕಿನಲ್ಲಿ ಮೊಟ್ಟೆ ಕಣ್ಣಿಗೆ ಬೀಳದಿರುವುದರಿಂದ ಅದು ಇಲ್ಲ. ಹಸುವಿನ ಹಾಲು ಆಗದಿದ್ದರೆ ಆಡಿನ ಹಾಲು ಕೊಡಬೇಕೆಂಬ ಆಕೆಯ ಸಲಹೆಗೆ ಕುರಿಮೇಕೆಗಳ ಸೀಮೆಯಾದ ಶಿರಾದಲ್ಲಿ ಬೇಕಾದಷ್ಟು ಬೆಂಬಲವಿದೆ. ಆದರೆ ಎರಡರ ಪ್ರೋಟೀನುಗಳೂ ಬಲುಮಟ್ಟಿಗೆ ಒಂದೇ ಬಗೆಯವಾದುದರಿಂದ, ಹಸುವಿನ ಹಾಲಿಗೆ ದದ್ದೇಳುವ ಮಕ್ಕಳಲ್ಲಿ ಹೆಚ್ಚಿನವರು ಆಡಿನ ಹಾಲಿಗೂ ಅದೇ ಮರ್ಯಾದೆ ಮಾಡುತ್ತಾರೆ. ಇಂಗಿನ ವಿಷಯದಲ್ಲಿ ಮಾತ್ರ ಆಕೆಯನ್ನು ದೂರುವಂತಿಲ್ಲ. ಡಬ್ಬಿಯಲ್ಲಿ ಬರುವ ಕೂಟು ಇಂಗಿಗೆ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸುವ ರೂಢಿಯಿದ್ದು, ಸಾರಿನ ಒಗ್ಗರಣೆಯ ಮೂಲಕ ಗೋಧಿಯು ಮಗುವಿನ ತಟ್ಟೆಗೆ ಬರುತ್ತದೆಂಬುದು ಓದಿದವರಲ್ಲಿಯೂ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಆಕೆಯ ಅಪನಂಬಿಕೆಯನ್ನು ಬರಿಯ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮಳೆ ಕೈಕೊಡುವುದೇ ಪದ್ಧತಿಯಾಗಿರುವ ಈ ಬಯಲುಸೀಮೆಯಲ್ಲಿ, ಮನೆಯಲ್ಲಿ ಇದ್ದದ್ದನ್ನು ಮಗುವಿಗೆ ಇಲ್ಲವೆನ್ನುವುದು ಪಾಪಗಳ ಪಟ್ಟಿಯಲ್ಲಿ ಮೇಲಿನ ಸಾಲಿನದು. ಅದರಲ್ಲಿಯೂ ಕಡಲೆಕಾಯಿ ಇಲ್ಲಿನ ಒಣಭೂಮಿಯ ಹಣದ ಬೆಳೆ; ಚಟ್ನಿ ಅದರದ್ದು, ಚಿತ್ರಾನ್ನದಲ್ಲಿ ಬಾಯಿಗೆ ಸಿಗಬೇಕಾದದ್ದು ಅದು, ಎಣ್ಣೆಯೂ ಅದರದ್ದೇ. ಕಾರ್ಖಾನೆಯಲ್ಲಿ ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಉಳಿಯುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಎಂದರೆ, ಆರೋಗ್ಯದ ಹೆಸರಿನಲ್ಲಿ ಪಟ್ಟಣದವರೆಲ್ಲ ಗಾಣಕ್ಕೆ ಮರಳುತ್ತಿರುವ ಕಾಲಕ್ಕೆ ಸರಿಯಾಗಿ, ಈ ಒಂದು ಮಗುವಿಗೆ ಗಾಣದ ಕಡೆ ತಲೆ ಹಾಕಬೇಡವೆನ್ನಬೇಕಾಗುತ್ತದೆ. ಹೊಲದ ಬದುವಿನಲ್ಲಿ ಹಸಿ ಕಡಲೆಕಾಯಿ ಸುಟ್ಟು ತಿಂದು ಬೆಳೆದವಳಿಗೆ ಅದು ವಿಷವಾದೀತೆಂದು ನಂಬಿಸುವುದು ಡಾಕ್ಟರ ಚೀಟಿಗೆ ಮೀರಿದ ಕೆಲಸ.

ಗೋಧಿಯಾದರೋ ದಿನದ ತಿಂಡಿಯಾಗಿ ಈ ಕಡೆಗೆ ತಡವಾಗಿ ಬಂದ ನೆಂಟ. ಹಬ್ಬದ ಒಬ್ಬಟ್ಟಿನ ಕಣಕಕ್ಕಷ್ಟೇ ನೆನಪಾಗುತ್ತಿದ್ದ ಅದು, 1954ರಲ್ಲಿ ಅಮೆರಿಕ ಮಾಡಿದ ಪಬ್ಲಿಕ್ ಲಾ 480 ಎಂಬ ಕಾನೂನಿನಡಿ ಹಡಗೇರಿ ಬಂದ ಧಾನ್ಯದಿಂದಲೂ, ಕೇರ್ ಸಂಸ್ಥೆಯ ನೆರವಿನಿಂದ ಶಾಲೆಗಳಲ್ಲಿ ಬೇಯುತ್ತಿದ್ದ ಗೋಧಿನುಚ್ಚಿನ ಉಪ್ಪಿಟ್ಟಿನಿಂದಲೂ ಹಳ್ಳಿಯ ನಾಲಿಗೆಗೆ ಹತ್ತಿತು. ಅದಕ್ಕೂ ಹಿಂದೆ, ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ತಾನು ರವೆ ಇಡ್ಲಿಯನ್ನು ಹುಟ್ಟಿಸಿದೆನೆಂದು ಬೆಂಗಳೂರಿನ ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ಅದೇ ಯುದ್ಧದ 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡು ಸಿಗದಾಗಿ, ಊರೇ ಹಸಿದಿದ್ದರೂ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡದ್ದನ್ನು ಕಂಡ ವಿಲೆಮ್ ಡಿಕೆ ಎಂಬ ಮಕ್ಕಳ ವೈದ್ಯ, ಗೋಧಿಯೇ ಅಪರಾಧಿಯೆಂಬ ತನ್ನ ಹಳೆಯ ಗುಮಾನಿಯನ್ನು 1950ರ ಮಹಾಪ್ರಬಂಧದಲ್ಲಿ ಸಾಧಿಸಿ ತೋರಿಸಿದ. ಒಂದೇ ಯುದ್ಧವು ಅಲ್ಲಿ ಮಕ್ಕಳ ತಟ್ಟೆಯಿಂದ ಗೋಧಿಯನ್ನು ಕಿತ್ತು ಬದುಕಿಸಿತು, ಇಲ್ಲಿ ಇಡ್ಲಿಯೊಳಗೂ ಗೋಧಿಯನ್ನು ತುರುಕಿತು.

ಇಷ್ಟೆಲ್ಲ ಇತಿಹಾಸದಿಂದ ಬಗ್ಗದ ದೊಡ್ಡಮ್ಮ ಬಗ್ಗುವುದು ಬೇರೊಂದು ದಾರಿಯಲ್ಲಿ. ವಿವರಿಸಿ ವಿವರಿಸಿ ಸೋತ ತಂಗಿಯ ಮಗಳು ಒಂದು ದಿನ 'ಇದು ಪಥ್ಯ ದೊಡ್ಡಮ್ಮಾ' ಎಂದುಬಿಡುತ್ತಾಳೆ. ಪಥ್ಯದ ವಿಷಯದಲ್ಲಿ ದೊಡ್ಡಮ್ಮನಿಗೆ ಯಾವ ಡಾಕ್ಟರೂ ಪಾಠ ಹೇಳಬೇಕಾಗಿಲ್ಲ. ಬಾಣಂತಿಗೆ ಯಾವ ತಿಂಗಳಲ್ಲಿ ಯಾವ ತರಕಾರಿ, ಗಾಯವಾದವನಿಗೆ ಬದನೆಕಾಯಿ ಏಕೆ ನಂಜು, ಶನಿವಾರದ ಒಪ್ಪತ್ತಿನಲ್ಲಿ ಯಾವುದು ಫಲಾಹಾರ ಯಾವುದು ಊಟ ಎಂಬುದನ್ನೆಲ್ಲ ಇಡೀ ಬೀದಿಗೆ ತೀರ್ಮಾನಿಸುತ್ತ ಬಂದಿರುವ ಆಕೆಯು, ಬಾಣಂತಿಗೆ 'ಒಂಚೂರು' ತಣ್ಣೀರು ಕೊಟ್ಟವರನ್ನು ವರ್ಷಗಟ್ಟಲೆ ಮಾತನಾಡಿಸದೆ ಇದ್ದವಳು. ನಂಬಿಕೆಯ ಕೊರತೆ ಆಕೆಯಲ್ಲಿ ಎಂದೂ ಇರಲಿಲ್ಲ, ಚೀಟಿಯು ತಪ್ಪು ಖಾತೆಗೆ ಜಮೆಯಾಗಿತ್ತು.

ಅಲ್ಲಿಂದ ಮುಂದೆ ಬೆಳಗಿನ ತಿಂಡಿಯು ಸಮಸ್ಯೆಯಾಗಿ ಉಳಿಯುವುದಿಲ್ಲ. ಗೋಧಿ ಬರುವ ಮುಂಚೆ ಈ ಸೀಮೆ ಉಣ್ಣುತ್ತಿದ್ದುದನ್ನು ಆಕೆ ಒಂದೊಂದಾಗಿ ಅಟ್ಟದಿಂದ ಇಳಿಸುತ್ತಾಳೆ: ನುಗ್ಗೆಸೊಪ್ಪು ಕಲಸಿ ತಟ್ಟಿದ ರಾಗಿ ರೊಟ್ಟಿ, ನೆಂಚಿಕೊಳ್ಳಲು ಕಡಲೆಕಾಯಿಯ ಬದಲು ಹುಚ್ಚೆಳ್ಳಿನ ಚಟ್ನಿ, ಅಕ್ಕಿಯ ಒತ್ತುಶ್ಯಾವಿಗೆ, ಅದರ ಮೇಲೆ ಬೆಲ್ಲ ಹಾಕಿದ ಕಾಯಿಹಾಲು, ಮರದ ನೆರಳಿನಲ್ಲಿಯೂ ಬೆಳೆಯುವ ಕಾರಣಕ್ಕೆ ಹುಣಸೆತೋಪುಗಳ ಬುಡದಲ್ಲಿ ಉಳಿದುಕೊಂಡ ಕೊರಲೆಯೆಂಬ ಕಿರುಧಾನ್ಯದ ಅನ್ನಕ್ಕೆ ನಿಂಬೆಹಣ್ಣು ಹಿಂಡಿದ ಚಿತ್ರಾನ್ನ, ರಾಗಿಯನ್ನು ನೆನೆಸಿ, ಕಾದ ಮರಳಿನಲ್ಲಿ ಅರಳಿಸಿ, ಬೀಸಿದ ಹುರಿಹಿಟ್ಟಿಗೆ ಬೆಲ್ಲವನ್ನೂ ಕಾಯಿತುರಿಯನ್ನೂ ಸೇರಿಸಿ ಕಟ್ಟಿದ ಉಂಡೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂ ಮೀರಿ ಸುಣ್ಣದಂಶವಿದ್ದು, ಅಷ್ಟೇ ತೂಕದ ಹಾಲಿನಲ್ಲಿ ಇರುವುದರ ಎರಡು ಪಟ್ಟಿಗೂ ಹೆಚ್ಚಾಗುತ್ತದೆಯಾದುದರಿಂದ, ಹಾಲು ಬಿಟ್ಟ ಮಗುವಿನ ತಾಯಿಗೆ ಇದು ಸಮಾಧಾನದ ಸಂಗತಿ.

ಉಳಿಯುವುದು ಹಿಟ್ಟಿನ ಮಿಲ್ಲಿನ ಪ್ರಶ್ನೆ. ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ, ಕಲ್ಲಿನ ಸಂದಿಯ ಬಿಳಿ ಹಿಟ್ಟು ರಾಗಿಯ ಜೊತೆ ಡಬ್ಬಕ್ಕೆ ಬೀಳುತ್ತದೆ. ಗ್ಲುಟೆನ್ ಇಲ್ಲದ್ದೆಂದು ಅಂಗಡಿಯಲ್ಲಿ ಮಾರುವ ಆಹಾರದ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿರುವಾಗ, ಆ ಸಂದಿಯ ಹಿಟ್ಟು ಸಾಮಾನ್ಯದ್ದಲ್ಲ. ಇದನ್ನು ತಿಳಿದ ದೊಡ್ಡಮ್ಮ ಮಿಲ್ಲಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದು, ಕಲ್ಲು ತೊಳೆಯಲೆಂದು ತಂದ ಅರ್ಧ ಸೇರು ನುಚ್ಚಕ್ಕಿಯನ್ನು ಮೊದಲು ಹಾಕಿಸಿ, ಆ ಹಿಟ್ಟನ್ನು ಕೋಳಿಗೆಂದು ಬೇರೆ ಕಟ್ಟಿ, ಹಿಂದೆ ನಿಂತ ಚಪಾತಿಯವರನ್ನು ಮಡಿಬಟ್ಟೆ ಮುಟ್ಟಲು ಬಂದವರನ್ನು ನೋಡುವಂತೆ ನೋಡುತ್ತಾಳೆ. ಅಷ್ಟಾದರೂ ಮನಸ್ಸು ಒಪ್ಪದೆ, ಹಿತ್ತಲಲ್ಲಿ ಗೋಡೆಗೊರಗಿದ್ದ ಬೀಸುಕಲ್ಲನ್ನು ಒಳಗೆ ತರಿಸುತ್ತಾಳೆ. ಒಂದೇ ಮಿಲ್ಲಿರುವ ಊರಿನಲ್ಲಿ ಇದಕ್ಕಿಂತ ಭದ್ರವಾದ ಉಪಾಯವನ್ನು ಯಾವ ಡಾಕ್ಟರೂ ಹೇಳಲಾರರು.

ಭಕ್ತಿ ಬಲಿತ ಮೇಲೆ ಪಟ್ಟಿಯೂ ಬೆಳೆಯುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಶಾಲೆಯಲ್ಲಿ ಕೊಡುವ ಹಾಲು ಈ ಮಗುವಿಗೆ ಸಲ್ಲದು. 2024ರಿಂದ ಕೊಡುವ ರಾಗಿ ಮಾಲ್ಟು ರಾಗಿಯದೇ ಆದರೂ ಹಾಲಿನಲ್ಲಿ ಕಲಸಿದ್ದು. ಶಾಲೆಯ ಮೊಟ್ಟೆ ಸಲ್ಲದು, ಮೊಟ್ಟೆಯ ಬದಲಿಗೆ ಕೆಲಕಾಲ ಕೊಟ್ಟ ಚಿಕ್ಕಿಯಂತೂ ಕಡಲೆಕಾಯಿಯದೇ. ಮೊಟ್ಟೆಯ ಬದಲು ಸರ್ಕಾರ ಕೊಡುವುದರಲ್ಲಿ ಮಗುವಿನ ಪಾಲಿಗೆ ಉಳಿದದ್ದು ಒಂದು ಬಾಳೆಹಣ್ಣು. ಅದು ಶೀತವೆಂದು ದೊಡ್ಡಮ್ಮ ಮಾಗಿಯ ಎರಡು ತಿಂಗಳು ತಡೆಹಿಡಿದಾಗ, ಡಾಕ್ಟರ ಚೀಟಿಯನ್ನು ಮತ್ತೆ ಹೊರತೆಗೆದು, ಅದರಲ್ಲಿ ಬಾಳೆಹಣ್ಣಿನ ಹೆಸರಿಲ್ಲವೆಂದು ವಾದಿಸುವ ಸರದಿ ತಾಯಿಯದು.

ಈ ಮಾದರಿಯ ಪೂರ್ಣಸ್ವರೂಪವನ್ನು ಅರಿಯಬೇಕಾದವರು ಗೊರವನಹಳ್ಳಿಯ ಕಡೆಯ ಯಾವುದಾದರೂ ಛತ್ರದಲ್ಲಿ ನಡೆಯುವ ಮದುವೆಯನ್ನು ನೋಡಬೇಕು. ಸ್ಟೀಲ್ ಡಬ್ಬಿಯಲ್ಲಿ ರಾಗಿ ರೊಟ್ಟಿ ಹೊತ್ತು ಬಂದ ದೊಡ್ಡಮ್ಮ ಅಡುಗೆಭಟ್ಟರನ್ನು ಇಂಗಿನ ಡಬ್ಬಿಯ ಸಮೇತ ವಿಚಾರಣೆಗೆ ಗುರಿಪಡಿಸಿ ಪಂಕ್ತಿಗೆ ಬರುವಷ್ಟರಲ್ಲಿ, ಹೆಣ್ಣಿನ ಕಡೆಯ ಇನ್ನೊಬ್ಬ ದೊಡ್ಡಮ್ಮ ತುಪ್ಪ ಸುರಿಯುವ ಒಬ್ಬಟ್ಟನ್ನು ಹಿಡಿದು ಮಗುವಿನ ಎಲೆಯ ಮುಂದೆ ಬಗ್ಗಿರುತ್ತಾಳೆ. 'ಒಂಚೂರು ತಿಂದ್ರೆ ಏನಾಗ್ತೈತವ್ವಾ, ಮಗ ಹೆಂಗೆ ಒಣಗೋಗೈತೆ ನೋಡು!' 'ಪಥ್ಯ ಐತೆ. ಎತ್ಕೊಳ್ಳಿ ಅತ್ಲಾಗೆ.' 'ಒಬ್ಬಟ್ಟಿಗೆಂಥ ಪಥ್ಯ?' ಬೀಗತನದ ಆಯುಸ್ಸೇ ಅನುಮಾನಕ್ಕೆ ಬಿದ್ದ ಆ ಗಳಿಗೆಯಲ್ಲಿ, ಬಡಿಸಲು ತಂದ ಒಬ್ಬಟ್ಟನ್ನು ಹಿಂದಕ್ಕೆ ಒಯ್ಯುವುದು ಶುಭವಲ್ಲವೆಂಬ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಾಗುತ್ತದೆ. ಪಕ್ಕದ ಎಲೆಗೆ ಕೂತ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿರುವ ದೊಡ್ಡಪ್ಪ ಅಡ್ಡ ಹಿಡಿದ ಕೈಯನ್ನು ದೊಡ್ಡಮ್ಮನೇ ಸರಿಸಿ, 'ಒಂದು ತಾನೆ, ತಿನ್ನಿ, ಏನೂ ಆಗಲ್ಲ' ಎಂದು ಹಾಕಿಸುತ್ತಾಳೆ.