ಶ್ವಾನಮಜ್ಜನ ಮೀಮಾಂಸೆ

ನಾಯಿಯನ್ನು ನಿಮಿತ್ತವಾಗಿಟ್ಟುಕೊಂಡು ಯಜಮಾನನೇ ಮೀಯುವ ಕ್ರಿಯೆಗೆ ಶ್ವಾನಮಜ್ಜನವೆಂದು ಹೆಸರು. ಈ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಲ್ಲಿ ಒಂದೂ ತಟ್ಟದು. ಸಂಶಯವಿದ್ದವರು ಲ್ಯಾಬ್ರಡಾರ್ ಮೈ ಕೊಡವುವ ಹೊತ್ತಿಗೆ ಬಚ್ಚಲಮನೆಯಲ್ಲಿ ನಿಂತು ನೋಡಬಹುದು.

ಮೊದಲು ಆಕರಗಳ ಮಾತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಒಡೆಯ ಮೆಚ್ಚಿ ‘ಬೇಡಿಕೋ’ ಎಂದಾಗ ಆ ಪುಣ್ಯಾತ್ಮ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಕಾಳಿಯ ನೆನಪಿಗೊಂದು ಕಲ್ಲು ನಿಂತಿತು. ಆ ಕಲ್ಲನ್ನು ಪೂಜಿಸದೆ ಪೂಜಾರಿಯಾದ ಗೊರವನು ಉಣ್ಣಬಾರದೆಂಬ ಕಟ್ಟಳೆಯೂ ಆಯಿತು. ಇಷ್ಟನ್ನೆಲ್ಲ ಹೇಳಿದ ಶಾಸನ ಕಾಳಿಗೆ ಯಾವ ವಾರ ಸ್ನಾನವೆಂಬುದರ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ. ಪೂಜೆಯಲ್ಲಿ ಅಭಿಷೇಕವೂ ಸೇರಿದ್ದರೆ, ಬದುಕಿದ್ದಾಗಿನದಕ್ಕಿಂತ ಕಲ್ಲಾದ ಮೇಲೆಯೇ ಕಾಳಿ ಹೆಚ್ಚು ಮಿಂದಿತೆಂದು ಊಹಿಸಲು ಅಡ್ಡಿಯಿಲ್ಲ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಅಲ್ಲಿ ಸ್ನಾನ ಪೂರ್ತಿ ನಿಂತಿದೆ.

ಪೂರ್ವಪಕ್ಷ ಮನೆಯ ಅಜ್ಜಿಯದು. “ನಮ್ಮೂರಲ್ಲಿ ಯಾವ ನಾಯಿಗೆ ಯಾರು ನೀರು ಹುಯ್ದಿದ್ರು? ಮಳೇಲಿ ನೆನೀತಿತ್ತು, ಬೂದಿಗುಡ್ಡೇಲಿ ಹೊರಳ್ತಿತ್ತು, ಕಲ್ಲುಗುಂಡಿನ ಹಾಗಿತ್ತು.” ಇದನ್ನು ಖಂಡಿಸುವುದು ಹೇಳಿದಷ್ಟು ಸುಲಭವಲ್ಲ. ಮುಧೋಳ ನಾಯಿಯಂಥ ಗಿಡ್ಡಗೂದಲಿನವಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬ್ರಷ್ ಎಳೆದರೆ ಬಹುಪಾಲು ದಿನ ಸಾಕೇ ಸಾಕು. ಎದುರು ಬಣದಲ್ಲಿರುವ ಮೊಮ್ಮಗಳದು ನಿತ್ಯಸ್ನಾನವಾದ. ಆಕೆ ತನ್ನ ಶಾಂಪೂವನ್ನೇ ನಾಯಿಗೂ ಹಚ್ಚುತ್ತಾಳೆ. ಮನುಷ್ಯನ ಚರ್ಮದ ಪಿಎಚ್ ಸುಮಾರು 5.5, ನಾಯಿಯದು 7ರ ಆಸುಪಾಸು, ಚರ್ಮವೂ ತೆಳು. ನಮ್ಮ ಶಾಂಪೂ ಹಚ್ಚಿ ದಿನಾ ತಿಕ್ಕಿದರೆ ಮೈಯ ಎಣ್ಣೆಯಂಶ ಹೋಗಿ ನಾಯಿ ಮೈ ಕೆರೆದುಕೊಳ್ಳುತ್ತಾ ಕೂರುತ್ತದೆ. ಆದ್ದರಿಂದ ಸಿದ್ಧಾಂತ ಹೀಗೆ: ಸ್ನಾನ ತಿಂಗಳಿಗೊಮ್ಮೆ, ಇಲ್ಲವೇ ಚರಂಡಿಗಿಳಿದ ದಿನ, ಶಾಂಪೂ ನಾಯಿಯದೇ, ನೀರು ಉಗುರುಬೆಚ್ಚಗೆ. ಬಾಚುವುದು ಮಾತ್ರ ಸ್ನಾನಕ್ಕೆ ಮೊದಲೇ ಆಗಬೇಕು, ಗಂಟು ನೆನೆದರೆ ಇನ್ನಷ್ಟು ಬಿಗಿಯುತ್ತದೆ. ಬೇಸಿಗೆ ಬಂತೆಂದು ಲ್ಯಾಬ್ರಡಾರಿಗೆ ಮುಡಿ ತೆಗೆಸುವ ಭಕ್ತರೂ ಉಂಟು. ಅದರ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ. ಆ ಹರಕೆಯನ್ನು ಯಜಮಾನರು ತಮ್ಮ ತಲೆಯ ಮೇಲೇ ತೀರಿಸಿಕೊಳ್ಳುವುದು ಲೇಸು.

ಪ್ರಮಾಣಶಾಸ್ತ್ರದಲ್ಲಿ ನಾಯಿ ಪಳಗಿದ ನೈಯಾಯಿಕ. ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ಹಳೆಯ ಉದಾಹರಣೆ. ಮಾಸಿದ ಹಸಿರು ಟವೆಲ್ಲು ಗೂಟದಿಂದ ಇಳಿದದ್ದನ್ನು ಕಂಡು, ಬಕೆಟ್ಟಿನ ಸದ್ದಿಗೂ ಕಾಯದೆ, ಬಾಲ ಮುದುರಿಕೊಂಡು ಮಂಚದಡಿ ಸೇರುವ ಅನುಮಾನ ಅದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿಂದ ಮುಂದೆ ಬಿಸ್ಕತ್ತು ಮಾತ್ರವೇ ಶಬ್ದಪ್ರಮಾಣ.

ಉಪಾಂಗಗಳ ವಿಚಾರ. ನಾಯಿಯ ಕಿವಿಯ ನಾಳ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಹೊಕ್ಕ ನೀರಿಗೆ ಹೊರಗಿನ ದಾರಿ ಸಿಕ್ಕುವುದಿಲ್ಲ. ಸ್ನಾನದ ನಂತರ ಕಾಣುವಷ್ಟು ಭಾಗವನ್ನು ಹತ್ತಿಯಲ್ಲಿ ಒರೆಸಿದರಾಯಿತು. ಇಯರ್‌ಬಡ್ ತುರುಕುವವರನ್ನು ಈ ಗ್ರಂಥ ಪಂಡಿತರ ಸಾಲಿಗೆ ಸೇರಿಸುವುದಿಲ್ಲ. ಕಿವಿ ನಾರುತ್ತಿದ್ದರೆ, ನಾಯಿ ತಲೆ ಕೊಡವುತ್ತಲೇ ಇದ್ದರೆ ಡಾಕ್ಟರೇ ಭಾಷ್ಯ ಬರೆಯಬೇಕು.

ಉಣುಗಿನ ಪ್ರಕರಣದಲ್ಲಿ ಹಾಸ್ಯಕ್ಕೆ ಎಡೆ ಕಡಿಮೆ. ಕಾಲ್ಬೆರಳ ಸಂದು, ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ ಅದರ ನೆಲೆಗಳು. ಬೆರಳಿಗೆ ಮೊದಲು ನರಹುಲಿಯಂತೆ ಸಿಕ್ಕುತ್ತದೆ. ಕೂದಲು ಸರಿಸಿದರೆ ರಕ್ತ ಕುಡಿದು ಬೂದುಬಣ್ಣಕ್ಕೆ ಊದಿಕೊಂಡು ಕೂತಿರುತ್ತದೆ. ಎರ್ಲಿಚಿಯೋಸಿಸ್, ಬೆಬಿಸಿಯೋಸಿಸ್ ಎಂಬ ಜ್ವರಗಳು ಅದರಿಂದಲೇ ಬರುವುದು. ನಾಯಿ ಊಟ ಬಿಟ್ಟು ಮೂಲೆ ಹಿಡಿದರೆ ಡಾಕ್ಟರ ಬಳಿ ಒಯ್ಯಲು ತಡಮಾಡುವಂತಿಲ್ಲ. ಉಣುಗನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಬೇಕು. ಸೀಮೆಎಣ್ಣೆ, ಊದುಬತ್ತಿಯ ಬೆಂಕಿ ಮುಂತಾದ ಪಾಠಾಂತರಗಳು ತಿರಸ್ಕೃತ.

ಉಗುರಿನ ಕಾಲನಿರ್ಣಯಕ್ಕೆ ಪಂಚಾಂಗ ಬೇಡ, ಟೈಲ್ಸ್ ಮೇಲೆ ಟಕಟಕ ಸದ್ದಾದರೆ ಅದೇ ಮುಹೂರ್ತ. ಒಳಗೆ ರಕ್ತನಾಳವಿದೆ, ಬಿಳಿಯುಗುರಿನಲ್ಲಿ ಅದು ಗುಲಾಬಿಯಾಗಿ ಕಾಣುತ್ತದೆ, ಕರಿಯುಗುರಿನಲ್ಲಿ ಕಾಣದು, ಹಾಗಾಗಿ ಚೂರುಚೂರೇ. ಮೇಲ್ಗಡೆಯ ಹೆಬ್ಬೆರಳುಗುರು ನೆಲ ಮುಟ್ಟದೆ, ಸವೆಯದೆ, ಸುತ್ತಿಕೊಂಡು ಮಾಂಸಕ್ಕೇ ಇಳಿಯುವುದುಂಟು. ಇನ್ನು ಹಲ್ಲು 42; ಉಗುಳಲು ಬಾರದ ಪ್ರಾಣಿಗೆ ನಮ್ಮ ಪೇಸ್ಟು ನಿಷಿದ್ಧ.

ಕೊನೆಗೊಂದು ವಿನಂತಿ. ಈ ಪ್ರಬಂಧದ ಮೌಖಿಕ ಪರೀಕ್ಷೆಯನ್ನು ಮಾನ್ಯ ಪರೀಕ್ಷಕರು ತಿಂಗಳ ಮೊದಲ ಭಾನುವಾರ ಇಡಬಾರದು. ಅಂದೇ ಇಡುವುದಾದರೆ, ಹಳೆಯ ಬಟ್ಟೆ ಉಟ್ಟು ಬರಬೇಕು.