ಪ್ಯಾರಿಸ್ ಕಾಕಾ

ಪ್ಯಾರಿಸ್ ಕಾಕಾ ಎದುರಾದಾಗ ‘ಊಟ ಆತೇನ್ರಿ’ ಎಂದು ಮಾತ್ರ ಕೇಳಬಾರದು. ಕೇಳಿದಿರೋ, ಬ್ರಸೆಲ್ಸ್‌ನಲ್ಲಿ ಒಂದು ಊಟಕ್ಕೆ ಎಷ್ಟು ಯೂರೋ ಬಿತ್ತು, ಅಂದಿನ ದರದಲ್ಲಿ ಅದು ಎಷ್ಟು ರೂಪಾಯಿ, ಅಷ್ಟು ರೊಕ್ಕದಲ್ಲಿ ಮಿರಜಿನಲ್ಲಿ ಎಷ್ಟು ಮಂದಿಗೆ ಊಟ ಹಾಕಿಸಬಹುದಿತ್ತು ಎಂಬ ಲೆಕ್ಕ ಮುಗಿಯುವವರೆಗೆ ನೀವು ಬಿಸಿಲಲ್ಲೇ ನಿಂತಿರಬೇಕು. ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದ ಜೀವ ಅದು. ಅಂಕಿ ಕಂಡರಷ್ಟೇ ವಸ್ತು ಕಂಡಂತೆ.

ಇಂಥ ಕಾಕಾ ನಮ್ಮ ಬುಧಗಾಂವದ ಏಕಸ್ವಾಮ್ಯವೇನಲ್ಲ. ಸಾಂಗಲಿ, ಜಯಸಿಂಗಪುರ, ಚಿಕ್ಕೋಡಿ, ನಿಪ್ಪಾಣಿ, ಎಲ್ಲಿ ಹೋದರೂ ಓಣಿಗೊಬ್ಬರು ಸಿಗುತ್ತಾರೆ. ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ. ಅಪ್ಪ-ಅವ್ವನನ್ನು ‘ಹತ್ತು ದಿನ, ಏಳು ದೇಶ’ದ ಟೂರಿಗೆ ಕಳಿಸಿ ಋಣ ತೀರಿಸಿಕೊಳ್ಳುತ್ತಾನೆ. ಅವರು ತಿರುಗಿ ಬಂದ ಮೇಲೆ ಯುರೋಪನ್ನು ಅನುಭವಿಸಬೇಕಾದವರು ಊರಿನವರು.

ಮದುವೆಮನೆಯಲ್ಲಿ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಏಳುವ ಮಧ್ಯದ ಹೊತ್ತು ಕಾಕಾನದು. ಕಿಸೆಯಿಂದ ಮೊಬೈಲು ಹೊರಬರುತ್ತದೆ. ಕೊಲೋಸಿಯಂ ಕಾಕಾನ ಎಡಗಿವಿಯ ಹಿಂದೆ ಒಂದಿಷ್ಟು ಕಾಣುತ್ತದೆ. ಐಫೆಲ್ ಗೋಪುರ ಅವರ ಮಂಕಿ ಟೊಪ್ಪಿಗೆಯ ತುದಿಯಿಂದ ಹುಟ್ಟಿ ಮೇಲೆದ್ದಿದೆ. ಮೋನಾಲೀಸಾಳ ಫೋಟೋದಲ್ಲಿ ಮೋನಾಲೀಸಾ ಒಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಇದ್ದಾರೆ: ನೂರು ಕೈ, ನೂರು ಮೊಬೈಲು. ‘77 ಸೆಂಟಿಮೀಟರ್ ಉದ್ದ, 53 ಅಗಲ, ಅಷ್ಟ ಐತಿ ನೋಡ್ರಿ. 1911ರಾಗ ಒಬ್ಬಾವ ಕದ್ಕೊಂಡ ಹೋಗಿದ್ದ. ಹಗೂರ ಇತ್ತು, ಒಯ್ದ,’ ಎನ್ನುತ್ತಾರೆ ಕಾಕಾ. ಅವಳ ನಗೆಯ ಬಗ್ಗೆ ಕೇಳಿದರೆ, ನಗುತ್ತಿದ್ದಳೋ ಇಲ್ಲವೋ ನೋಡಲು ಟೂರಿನವರು ಟೈಮ್ ಕೊಡಲಿಲ್ಲವಂತೆ.

ಐಫೆಲ್ ಗೋಪುರವೂ ಅವರಿಗೆ ಒಂದು ಖರ್ಚಿನ ಬಾಬತ್ತೇ. 1889ರಲ್ಲಿ ಕಟ್ಟಿದ್ದು, 20 ವರ್ಷದ ಪರವಾನಗಿ, ಆಮೇಲೆ ಬಿಚ್ಚಿ ಹಾಕುವ ಕರಾರು. ತಂತಿಯಿಲ್ಲದ ತಂತಿ ಸುದ್ದಿ ಕಳಿಸಲು ಉಪಯೋಗಕ್ಕೆ ಬಿತ್ತು ಅಂತ ಉಳಿಯಿತು. ಏಳು ವರ್ಷಕ್ಕೊಮ್ಮೆ ಸುಮಾರು 60 ಟನ್ ಬಣ್ಣ ಬೇಕು. ‘ಟೆಂಡರ್ ಯಾರಿಗೆ ಹೋಗತೈತಿ?’ ಎಂದು ಕಾಕಾ ಗೈಡನನ್ನು ಕೇಳಿದರಂತೆ. ಉತ್ತರ ಬರಲಿಲ್ಲ. ಅದೊಂದು ಕೊರಗು ಇನ್ನೂ ಇದೆ.

ಕಾಕಾನ ಹೆಂಡತಿ ಕಾಕು ಕೂಡ ಅದೇ ಬಸ್ಸಿನಲ್ಲಿ, ಅದೇ ಸೀಟಿನಲ್ಲಿ, ಕಿಟಕಿ ಪಕ್ಕ ಕೂತು ಬಂದವರು. ಆದರೆ ಅವರು ನೋಡಿದ ಯುರೋಪೇ ಬೇರೆ. ಬ್ರಸೆಲ್ಸ್‌ನ ಉಚ್ಚೆ ಹೊಯ್ಯುವ ಹುಡುಗನ ಮೂರ್ತಿ, ಮನೆಕೆನ್ ಪೀಸ್, ಅರ್ಧ ಮೀಟರಿಗಿಂತ ಚೂರು ಎತ್ತರ ಇರುವ ಕಂಚಿನ ಗೊಂಬೆ. 1619ರದು ಎಂದು ಕಾಕಾ ಇಸವಿ ಹೇಳಿದರು. ದೇಶದೇಶದವರು ಕೊಟ್ಟ ಸಾವಿರಕ್ಕೂ ಹೆಚ್ಚು ಉಡುಪು ಅದಕ್ಕಿವೆ, ಇಡಲು ಒಂದು ಮ್ಯೂಸಿಯಮ್ಮೇ ಇದೆ ಎಂದು ಗೈಡ್ ವಿವರಿಸಿದ. ಕಾಕು ಮೂಗಿನ ಮೇಲೆ ಬೆರಳಿಟ್ಟರು: ‘ಸಾವಿರ ಅಂಗಿ ಐತಂತ, ನಾವ್ ಹೋದ ದಿನಾ ಒಂದ ಚಡ್ಡೀನೂ ಹಾಕಿದ್ದಿಲ್ಲ ನೋಡವಾ.’ ಆಮೇಲೆ ಅವರು ಹೇಳಿದ ಮಾತು ನಮ್ಮ ಓಣಿಯ ಹೆಂಗಸರಲ್ಲಿ ಈಗಲೂ ಓಡಾಡುತ್ತಿದೆ. ಬಾತ್‌ರೂಮಿಗೆ ಹೋಗಬೇಕಾದರೆ ಅಲ್ಲೆಲ್ಲ ಚಿಲ್ಲರೆ ಹಾಕಬೇಕಲ್ಲ, ಅರ್ಧ ಯೂರೋ, ಒಂದು ಯೂರೋ. ಕಾಕಾ ಆ ದರಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ‘ಆ ಇಡೀ ಯುರೋಪಿನಾಗ ಪುಕ್ಕಟೆ ಹೋಗಾಂವ ಅವನೊಬ್ಬನ,’ ಎಂದರು ಕಾಕು.

ರೋಮಿನ ಟ್ರೆವಿ ಕಾರಂಜಿಗೆ ಬೆನ್ನು ಮಾಡಿ ನಾಣ್ಯ ಒಗೆದರೆ ಮತ್ತೆ ರೋಮಿಗೆ ಬರುತ್ತೀರಿ ಎಂಬ ನಂಬಿಕೆ. ವರ್ಷಕ್ಕೆ ಹತ್ತು ಲಕ್ಷ ಯೂರೋ ದಾಟುವ ಈ ಹಣ ಕ್ಯಾರಿಟಾಸ್ ಎಂಬ ಸಂಸ್ಥೆಯ ಮೂಲಕ ಬಡವರಿಗೆ ಹೋಗುತ್ತದೆ. ಇದನ್ನು ಕೇಳಿ ಕಾಕಾ ಮೆಚ್ಚಿಕೊಂಡರು, ತಲೆದೂಗಿದರು, ಒಂದು ರೂಪಾಯಿ ಒಗೆದರು. ‘ಯೂರೋ ಯಾಕ ಒಗೀಲಿ? ನೀರಿಗೇನ ಎಕ್ಸ್‌ಚೇಂಜ್ ರೇಟ್ ಗೊತ್ತಿರತೈತೇನ?’ ಅಂಕಲಿ ಸೇತುವೆ ಮೇಲೆ ಬಸ್ಸು ಹೋಗುವಾಗ ಕೃಷ್ಣೆಗೆ ಒಂದು ರೂಪಾಯಿಯನ್ನೇ ತಾನೇ ಒಗೆಯುವುದು, ಕೃಷ್ಣೆಗಿಂತ ಅದು ದೊಡ್ಡದೇ ಎಂಬುದು ಅವರ ವಾದ. ನನಗೂ ಸರಿ ಎನಿಸಿತು.

ಲಂಡನ್ನಿನಿಂದ ಬಂದ ಮೇಲೆ ಊರಲ್ಲಿ ಯಾರೂ ‘ಬಿಗ್ ಬೆನ್ ಗಡಿಯಾರ’ ಅನ್ನುವ ಹಾಗಿಲ್ಲ. ಬಿಗ್ ಬೆನ್ ಅಂದರೆ ಒಳಗಿನ ಗಂಟೆ, ಗೋಪುರದ ಹೆಸರು 2012ರಿಂದ ಎಲಿಜಬೆತ್ ಟವರ್ ಎಂದು ತಿದ್ದುತ್ತಾರೆ. ಆ ಗಡಿಯಾರದ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯ ಪೇರಿಸಿಟ್ಟಿರುತ್ತಾರೆ; ಒಂದು ಪೆನ್ನಿ ಹೆಚ್ಚಿಟ್ಟರೆ ದಿನಕ್ಕೆ 0.4 ಸೆಕೆಂಡ್ ಮುಂದೆ ಓಡುತ್ತದೆ. ಹಿಂದೆ ಬೀಳುವ ತಮ್ಮ ಮನೆಯ ಗೋಡೆ ಗಡಿಯಾರಕ್ಕೂ ಕಾಕಾ ಇದೇ ಔಷಧ ಮಾಡಿದರು. ಸ್ಟೂಲು ಹತ್ತಿ, ಐದು ಪೈಸೆಯದೊಂದು ಹಳೇ ನಾಣ್ಯಕ್ಕೆ ಮೇಣ ಮೆತ್ತಿ ಲೋಲಕಕ್ಕೆ ಅಂಟಿಸಿದರು. ಗಡಿಯಾರ ಎರಡು ಸಲ ಅತ್ತಿತ್ತ ತೂಗಿ, ಮೂರು ಇಪ್ಪತ್ತಕ್ಕೆ ನಿಂತುಬಿಟ್ಟಿತು. ಈಗಲೂ ಮೂರು ಇಪ್ಪತ್ತೇ.

ಲಂಡನ್ನಿನಲ್ಲೇ ಇನ್ನೊಂದು ಪ್ರಸಂಗ ನಡೆಯಿತು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಆಚೆ ದಡದ ಪಾರ್ಲಿಮೆಂಟಿನ ಕಡೆ ಮುಖ ಮಾಡಿ, ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರ್ಗಿ ಕಡೆಯ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಆದದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಟೂರಿನ ಪಟ್ಟಿಯಲ್ಲಿ ಅದು ಇರಲಿಲ್ಲ. ಕಾಕಾ ಬಸ್ಸಿನಲ್ಲಿ ಎದ್ದು ನಿಂತು, ಇಳಿಸದಿದ್ದರೆ ಊಟ ಮಾಡುವುದಿಲ್ಲ ಎಂದರು. ಬಾತ್‌ರೂಮಿನ ದರಕ್ಕೆ ಹೆದರಿ ಹೇಗೂ ಅರ್ಧ ಉಪವಾಸ ಇದ್ದವರು, ಆದರೆ ಗೈಡಿಗೆ ಅದು ಗೊತ್ತಿರಲಿಲ್ಲ. ಹತ್ತು ನಿಮಿಷದ ಫೋಟೋ ಸ್ಟಾಪ್ ಕೊಟ್ಟ.

ಕಾಕಾ ಚಪ್ಪಲಿ ಬಿಟ್ಟು ಆ ಚಳಿಯಲ್ಲಿ ಕೈಮುಗಿದರು. ಬಸವಣ್ಣ ಬಿಜ್ಜಳನ ಹತ್ತಿರ ಮೊದಲು ಕರಣಿಕನಾಗಿದ್ದ, ಅಂದರೆ ಲೆಕ್ಕದವ, ಅಂದರೆ ನಮ್ಮ ಲೈನಿನವ ಎಂದು ಸಹಪ್ರಯಾಣಿಕರಿಗೆ ಮರಾಠಿಯಲ್ಲಿ ತಿಳಿಸಿದರು. ಸೊಲ್ಲಾಪುರ ಕಡೆಯ ಗೃಹಸ್ಥರೊಬ್ಬರು ಮುಂದೆ ಬಂದು, ಹೌದು ಹೌದು, ಆ ಕೆಲಸ ನಮ್ಮ ಮಂಗಳವೇಢೆಯಲ್ಲಿ, ಆದ್ದರಿಂದ ಬಸವೇಶ್ವರರು ನಮ್ಮವರು ಎಂದರು. ಕಾಕಾ ಹುಟ್ಟಿದ್ದು ಬಾಗೇವಾಡಿ ಎಂದರು. ಅವರು ನೌಕರಿ ಎಂದರು. ಇವರು ಕಲ್ಯಾಣ ಎಂದರು, ಅನುಭವ ಮಂಟಪ ಎಂದರು, ವಚನ ಯಾವ ಭಾಷೆಯಲ್ಲಿವೆ ಕೇಳಿ ಎಂದರು. ಬೆಳಗಾವಿಯಲ್ಲಿ ಅರವತ್ತೆಪ್ಪತ್ತು ವರ್ಷದಿಂದ ಮುಗಿಯದ ಗಡಿ ತಂಟೆ ಥೇಮ್ಸ್ ದಂಡೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವುದುಂಟೆ? ಎದುರು ದಂಡೆಯಲ್ಲಿ ಗಂಟೆ ಬಾರಿಸಿತು. ಬಸ್ಸು ಸುತ್ತು ಹೊಡೆದು ಬಂದು ಇಬ್ಬರನ್ನೂ ಎತ್ತಿಕೊಂಡಿತು. ಕಾಕು ಅಷ್ಟರಲ್ಲಿ ಪ್ರತಿಮೆಯ ಬುಡದಲ್ಲಿ ಕೂತು ಆ ಸೊಲ್ಲಾಪುರದ ಗೃಹಸ್ಥರ ಹೆಂಡತಿಯಿಂದ ಶೇಂಗಾ ಚಟ್ನಿ ಇಸಕೊಂಡು, ತಮ್ಮ ಭಡಂಗ ಕೊಟ್ಟಿದ್ದರು.

ಕಾಕಾನ ಮಾತನ್ನು ಊರು ನಿಜವಾಗಿ ಕಿವಿಗೊಟ್ಟು ಕೇಳಿದ್ದು ಒಂದೇ ಸಲ, ಮಳೆಗಾಲದಲ್ಲಿ. ಆಗ ಸಾಂಗಲಿ ಸೀಮೆಯಲ್ಲಿ ಒಂದೇ ಪ್ರಶ್ನೆ: ಆಯರ್ವಿನ್ ಪೂಲಿನ ಹತ್ತಿರ ಕೃಷ್ಣೆಯ ನೀರು ಎಷ್ಟು ಅಡಿ? 1929ರಲ್ಲಿ ತೆರೆದ ಆ ಸೇತುವೆಯೇ ನಮ್ಮ ಅಳತೆಗೋಲು. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ, 2019ರಲ್ಲಿ 57 ದಾಟಿತ್ತು. ಚಾದಂಗಡಿಯಲ್ಲಿ ಎಲ್ಲರೂ ಮೊಬೈಲು ಹಿಡಿದು ಕೂತಿದ್ದಾಗ ಕಾಕಾ ಹೇಳಿದರು: ಪ್ಯಾರಿಸ್‌ನಲ್ಲೂ ಹೀಗೆಯೇ. ಸೀನ್ ನದಿಯ ಆಲ್ಮಾ ಸೇತುವೆಗೆ ಒಬ್ಬ ಕಲ್ಲಿನ ಸಿಪಾಯಿ ಇದ್ದಾನೆ, ಝುವಾವ್. ನೀರು ಅವನ ಪಾದಕ್ಕೆ ಬಂದರೆ ಊರಿಗೆ ದಿಗಿಲು, ತೊಡೆಗೆ ಬಂದರೆ ಗಾಬರಿ. 1910ರ ಮಹಾಪೂರದಲ್ಲಿ ಭುಜದವರೆಗೆ ಮುಳುಗಿದ್ದ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚಾ ಸೋಸುತ್ತಿದ್ದವನು ಅಂದ: ‘2019ರಾಗ ಅಂವನ್ನ ನಮ್ಮ ಪೂಲಿಗೆ ನಿಲ್ಲಿಸಿದ್ರ ಟೊಪ್ಪಿಗಿ ಸೈತ ಕಾಣ್ತಿರಲಿಲ್ಲ ಬಿಡ್ರಿ ಕಾಕಾ.’ ಪ್ಯಾರಿಸ್ಸಿಗಿಂತ ನಾವು ಒಂದು ಕೈ ಮೇಲೆ ಎಂದು ಕಾಕಾ ಕೂಡ ಒಪ್ಪಿದ್ದು ಅದೊಂದೇ ವಿಷಯದಲ್ಲಿ.

ಮೊನ್ನೆ ಇಂಜಿನಿಯರಿಂಗ್ ಕಾಲೇಜಿನ ಹುಡುಗನೊಬ್ಬ ಎಡವಟ್ಟು ಮಾಡಿದ. ‘ರಾಜಧಾನಿ ಅಂದ್ರ ಹೆಂಗಿರಬೇಕು ಗೊತ್ತೇನ’ ಎಂದು ಕಾಕಾ ವಿಯೆನ್ನಾದ 1,441 ಕೋಣೆಗಳ ಷೋನ್‌ಬ್ರುನ್ ಅರಮನೆಯ ಬಾಗಿಲು ತೆರೆಯುತ್ತಿದ್ದರು. ಹುಡುಗ, ‘ಕಾಕಾ, ಬುಧಗಾಂವನೂ ರಾಜಧಾನಿನ ಅಲ್ಲೇನ್ರಿ?’ ಎಂದ. ಆಗಿತ್ತು. ಮಿರಜ ಸಂಸ್ಥಾನ 1820ರಲ್ಲಿ ಪಾಲಾಗಿ, ಹಿರಿಯ ಪಾಲಿಗೆ ಮಿರಜ, ಕಿರಿಯ ಪಾಲಿಗೆ ಬುಧಗಾಂವ ರಾಜಧಾನಿಯಾಗಿದ್ದವು. ಸಾಂಗಲಿಯದು ಇನ್ನೊಂದು ಸಂಸ್ಥಾನ. 1948ರಲ್ಲಿ ಮೂರೂ ಮುಂಬೈ ಪ್ರಾಂತ್ಯದಲ್ಲಿ ಕರಗಿದವು. ಕಾಕಾ ಮಾತು ನಿಲ್ಲಿಸಿದರು. ಕಣ್ಣು ಮುಚ್ಚಿ ಬೆರಳು ಮಡಿಚಿದರು. ಸಾಂಗಲಿ ಒಂದು, ಮಿರಜ ಎರಡು, ಬುಧಗಾಂವ ಮೂರು. ಸೈಕಲ್ ಮೇಲೆ ಹೊರಟರೆ ಮಧ್ಯಾಹ್ನದ ಊಟದೊಳಗೆ ಮೂರು ರಾಜಧಾನಿ. ವೀಸಾ ಇಲ್ಲ.

ಮರುವಾರ ಹುಬ್ಬಳ್ಳಿಯಿಂದ ಬೀಗರು ಬಂದಿದ್ದರು. ಕಾಕಾ ಮಡಚಿದ ಕೊಡೆಯನ್ನು ಗೈಡಿನಂತೆ ತಲೆಯ ಮೇಲೆತ್ತಿ ಹಿಡಿದು ಮುಂದೆ, ಬೀಗರು ಸಾಲಾಗಿ ಹಿಂದೆ. ಪಟವರ್ಧನರ ವಾಡೆ, ಹೊರಗಿನಿಂದ, ಐದು ನಿಮಿಷ ಫೋಟೋ ಸ್ಟಾಪ್. ಎಸ್‌ಟಿ ಸ್ಟ್ಯಾಂಡು, ಎರಡು ನಿಮಿಷ. ಚಾದಂಗಡಿ, ಸ್ವಂತ ಖರ್ಚಿನಲ್ಲಿ. ತಡ ಮಾಡಿದ ಬೀಗತಿಗೆ ಗದರಿಕೆಯೂ ಬಿತ್ತು. ಸುತ್ತು ಮುಗಿಸಿ ಮನೆಯ ಅಂಗಳಕ್ಕೆ ಬಂದಾಗ ಹಿರಿಯ ಬೀಗರು ಮೆಲ್ಲಗೆ ಬಾತ್‌ರೂಮ್ ಎಲ್ಲಿ ಎಂದು ಕೇಳಿದರು. ಕಾಕಾ ಕೊಡೆ ಇಳಿಸಿ, ಹುಬ್ಬು ಗಂಟಿಕ್ಕಿ, ಮನಸ್ಸಿನಲ್ಲಿ ಏನೋ ಗುಣಾಕಾರ ಶುರು ಮಾಡಿದರು.

‘ಹಿಂದ ಹಿತ್ತಲದಾಗ ಐತ್ರಿ, ಹೋಗಿ ಬರ್ರಿ,’ ಎಂದು ಒಳಗಿನಿಂದ ಕಾಕು ಕೂಗಿದರು. ‘ಅವ್ರೇನ ಹೇಳಿದ್ರೂ ರೊಕ್ಕಾ ಕೊಡಬ್ಯಾಡ್ರಿ.’